ಎಂ.ಡಿ. ಮನೋವೈದ್ಯಶಾಸ್ತ್ರದ ಪಿಜಿಗಳಿಗೆ ಮಕ್ಕಳ ವಿಭಾಗದ ತರಬೇತಿ: ಒಂದೇ ಅವಧಿಯ ಪೋಸ್ಟಿಂಗ್ ಸಾಕೇ, ವಾರದ ಕ್ಲಿನಿಕ್ ಬೇಕೇ?

ಪ್ರಶ್ನೆ
ಸಹಾಯಕ ಪ್ರಾಧ್ಯಾಪಕಿ, ಬಾಗಲಕೋಟೆ

ಸದಸ್ಯರಿಗೆಲ್ಲ ನಮಸ್ಕಾರ. ನಾನು ಈ ಭಾಗದ ಒಂದು ವೈದ್ಯಕೀಯ ಕಾಲೇಜಿನ ಮನೋವೈದ್ಯಶಾಸ್ತ್ರ ವಿಭಾಗದಲ್ಲಿ ಕಲಿಸುತ್ತಿದ್ದೇನೆ. ಬರುವ ಶೈಕ್ಷಣಿಕ ವರ್ಷದಿಂದ ನಮ್ಮ ಎಂ.ಡಿ. ವಿದ್ಯಾರ್ಥಿಗಳಿಗೆ (ಪಿಜಿ, ಅಂದರೆ ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ) ಮಕ್ಕಳ ಮತ್ತು ಹದಿಹರೆಯದವರ ಮನೋವೈದ್ಯಕೀಯದಲ್ಲಿ ಯಾವ ಬಗೆಯ ತರಬೇತಿ ಕೊಡಬೇಕೆಂಬುದರ ರೂಪರೇಷೆ ಸಿದ್ಧಪಡಿಸುವ ಹೊಣೆಯನ್ನು ವಿಭಾಗದವರು ನನಗೆ ವಹಿಸಿದ್ದಾರೆ. ಸದ್ಯಕ್ಕೆ ಎರಡನೆಯ ವರ್ಷದಲ್ಲಿ ಕೆಲವು ವಾರಗಳ ಪೋಸ್ಟಿಂಗ್ ಇದೆ. ಆ ಅವಧಿಯಲ್ಲಿ ಪಿಜಿಗಳು ಸಾಕಷ್ಟು ಮಕ್ಕಳನ್ನು ನೋಡುತ್ತಾರೆ, ಕೇಸ್ ಬರೆಯುತ್ತಾರೆ, ಒಂದೆರಡು ಸೆಮಿನಾರ್ ಮಾಡುತ್ತಾರೆ. ಆದರೆ ಮೊದಲ ಭೇಟಿಯಲ್ಲಿ ಆಟಿಸಂ ಎಂದು ಗುರುತಿಸಿದ ಮಗು ಆರು ತಿಂಗಳ ನಂತರ ಹೇಗಿದೆ ಎಂಬುದನ್ನು ಆ ವಿದ್ಯಾರ್ಥಿ ನೋಡುವುದೇ ಇಲ್ಲ, ಏಕೆಂದರೆ ಅಷ್ಟರಲ್ಲಿ ಅವರು ವ್ಯಸನ ವಿಭಾಗಕ್ಕೋ ವಾರ್ಡಿಗೋ ಹೋಗಿರುತ್ತಾರೆ.

ನನ್ನನ್ನು ಕಾಡುತ್ತಿರುವ ಇನ್ನೊಂದು ಸಂಗತಿಯಿದೆ. ಮೂರು ವರ್ಷ ಮುಗಿಸಿದ ಮೇಲೂ ನಮ್ಮ ಹಲವು ವಿದ್ಯಾರ್ಥಿಗಳು ಮಗುವಿನ ಎದುರು ಕುಳಿತಾಗ ತಾಯಿಯೊಡನೆ ಮಾತ್ರ ಮಾತನಾಡುತ್ತಾರೆ, ಮಗುವಿನೊಡನೆ ಏನು ಮಾಡಬೇಕೆಂದು ಅವರಿಗೆ ತಿಳಿಯುವುದಿಲ್ಲ. ಹದಿನೈದು ವರ್ಷದ ಹುಡುಗಿ ಶಾಲೆಯಲ್ಲಿ ಪದೇಪದೇ ಎಚ್ಚರ ತಪ್ಪಿ ಬೀಳುತ್ತಾಳೆಂದು ಕರೆತಂದರೆ, ಔಷಧಿಯ ಪ್ರಮಾಣದ ಪ್ರಶ್ನೆ ಅವರಿಗೆ ಮೊದಲು ಹೊಳೆಯುತ್ತದೆ, ಆಕೆಯನ್ನು ಒಂಟಿಯಾಗಿ ಮಾತನಾಡಿಸಬೇಕೆಂಬುದು ಆಮೇಲೆ.

ಎಂ.ಡಿ. ನಂತರ ಮಕ್ಕಳ ಮನೋವೈದ್ಯಕೀಯದಲ್ಲಿಯೇ ಪರಿಣತಿ ಕೊಡುವ 3 ವರ್ಷಗಳ ಡಿ.ಎಂ. ಕೋರ್ಸನ್ನು ಬೆಂಗಳೂರಿನ ನಿಮ್ಹಾನ್ಸ್, ಚಂಡೀಗಡದ ಪಿಜಿಐ ಮೊದಲಾದ ಕೆಲವೇ ಸಂಸ್ಥೆಗಳು ನಡೆಸುತ್ತಿವೆ. ಅಲ್ಲಿ ತರಬೇತಿ ಪಡೆದ ಬೋಧಕರು ನಮ್ಮಲ್ಲಿಲ್ಲ. ಹೀಗಿರುವಾಗ ಪಿಜಿಗಳನ್ನು ಹೊರಗೆ ಕಳುಹಿಸುವುದು ಮೇಲೋ, ಇರುವವರೇ ಸೇರಿ ಇಲ್ಲಿಯೇ ಕಲಿಸುವುದು ಮೇಲೋ? ಒಂದೇ ಅವಧಿಯ ಪೋಸ್ಟಿಂಗಿನ ಬದಲು ಮೂರೂ ವರ್ಷ ವಾರಕ್ಕೊಂದು ದಿನದ ಮಕ್ಕಳ ಕ್ಲಿನಿಕ್ ನಡೆಸಿದವರು ಯಾರಾದರೂ ಇದ್ದರೆ ದಯವಿಟ್ಟು ವಿವರವಾಗಿ ತಿಳಿಸಿ.

ಉತ್ತರ 1
ಪ್ರಾಧ್ಯಾಪಕ, ಬೆಳಗಾವಿ

ಮೇಡಂ, ನಿಮ್ಮ ಪ್ರಶ್ನೆಗೆ ಉತ್ತರಿಸುವ ಮುನ್ನ ನಮ್ಮ ಪಿಜಿಗಳು ಮುಂದೆ ಎಲ್ಲಿ ಕೆಲಸ ಮಾಡುತ್ತಾರೆಂಬುದನ್ನು ಗಮನಕ್ಕೆ ತಂದುಕೊಳ್ಳೋಣ. ಅವರಲ್ಲಿ ಬಹುಪಾಲು ಜನ ಡಿ.ಎಂ. ಮಾಡುವುದಿಲ್ಲ. ಅಥಣಿಯಲ್ಲೋ ಜಮಖಂಡಿಯಲ್ಲೋ ಸಿಂದಗಿಯಲ್ಲೋ ಕ್ಲಿನಿಕ್ ತೆರೆಯುತ್ತಾರೆ, ಇಲ್ಲವೇ ಜಿಲ್ಲಾ ಆಸ್ಪತ್ರೆಗೆ ಸೇರುತ್ತಾರೆ, ಮತ್ತು ಆ ಸುತ್ತಿನ ಮಕ್ಕಳಿಗೆಲ್ಲ ಅವರೇ ಏಕೈಕ ಮಕ್ಕಳ ಮನೋವೈದ್ಯರಾಗುತ್ತಾರೆ. 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯು 13ರಿಂದ 17 ವರ್ಷದವರಲ್ಲಿ ಶೇ. 7.3ರಷ್ಟು ಮಕ್ಕಳಿಗೆ ಮಾನಸಿಕ ಕಾಯಿಲೆಯಿದೆಯೆಂದು ಕಂಡುಕೊಂಡಿತು. ಇಷ್ಟು ಮಕ್ಕಳನ್ನು ಕೆಲವೇ ಡಿ.ಎಂ. ತಜ್ಞರು ನೋಡಲು ಸಾಧ್ಯವಿಲ್ಲ, ಆದ್ದರಿಂದ ಎಂ.ಡಿ. ಹಂತದ ತರಬೇತಿಯೇ ಈ ಭಾಗದ ಮಕ್ಕಳ ಪಾಲಿಗೆ ನಿಜವಾದ ತರಬೇತಿ. ಅಮೆರಿಕದಲ್ಲಿ ಸಾಮಾನ್ಯ ಮನೋವೈದ್ಯಕೀಯ ರೆಸಿಡೆನ್ಸಿ (ನಮ್ಮ ಎಂ.ಡಿ.ಯಂಥ ತರಬೇತಿ) 4 ವರ್ಷ, ಅದರಲ್ಲಿ ಮಕ್ಕಳ ವಿಭಾಗಕ್ಕೆ ಮೀಸಲಾಗಿರುವ ಕನಿಷ್ಠ ಅವಧಿ 2 ತಿಂಗಳು ಮಾತ್ರ, ಆಸಕ್ತಿಯಿರುವವರು ಪ್ರತ್ಯೇಕವಾಗಿ 2 ವರ್ಷದ ಫೆಲೋಶಿಪ್ ಮಾಡುತ್ತಾರೆ. ಹಾಗೆ ಮುಂದಕ್ಕೆ ಓದುವವರು ಸಾಕಷ್ಟು ಜನರಿರುವಲ್ಲಿ ಎರಡು ತಿಂಗಳು ನಡೆದೀತು. ನಮ್ಮಲ್ಲಿ ಮುಂದಿನ ಮೆಟ್ಟಿಲು ಏರುವವರೇ ವಿರಳ.

ಆದ್ದರಿಂದ ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ: ಪೋಸ್ಟಿಂಗ್ ಇರಲಿ, ಆದರೆ ಅದರ ಜೊತೆಗೆ ಮೊದಲ ವರ್ಷದಿಂದ ಕೊನೆಯ ವರ್ಷದವರೆಗೆ ವಾರದಲ್ಲಿ ಒಂದು ಮಧ್ಯಾಹ್ನ ಮಕ್ಕಳ ಕ್ಲಿನಿಕ್ ಇರಲೇಬೇಕು, ಮತ್ತು ಪ್ರತಿಯೊಬ್ಬ ಪಿಜಿಯೂ ಕೆಲವು ಮಕ್ಕಳನ್ನು ತನ್ನವರೆಂದು ಮೂರು ವರ್ಷ ನೋಡಿಕೊಳ್ಳಬೇಕು. ನಾವು ಇದನ್ನು ನಡೆಸಿಕೊಂಡು ಬಂದಿದ್ದೇವೆ. ಎರಡೂವರೆ ವರ್ಷದಲ್ಲಿ ಮಾತಿಲ್ಲದೆ ಬಂದ ಮಗು ಐದನೆಯ ವರ್ಷದಲ್ಲಿ ಶಾಲೆಯ ಬಾಗಿಲಲ್ಲಿ ನಿಂತಾಗ ಹೊಸ ತೊಂದರೆಗಳು ಹುಟ್ಟುತ್ತವೆ. ಆರನೆಯ ತರಗತಿಯಲ್ಲಿ ಚಂಚಲನೆಂದು ಬಂದ ಹುಡುಗ ಎಂಟನೆಯ ತರಗತಿಗೆ ಬರುವಷ್ಟರಲ್ಲಿ ಓಡಾಟ ಕಡಿಮೆ ಮಾಡಿ ಮಂಕಾಗಿರುತ್ತಾನೆ. ಬೆಳವಣಿಗೆಯೆಂಬುದು ಪುಸ್ತಕದ ಒಂದು ಅಧ್ಯಾಯವಾಗಿ ಉಳಿಯದೆ ಕಣ್ಣೆದುರು ನಡೆಯುವ ಸಂಗತಿಯಾಗಬೇಕಾದರೆ ಅದೇ ಮಗುವನ್ನು ಅದೇ ವೈದ್ಯರು ಮತ್ತೆ ಮತ್ತೆ ನೋಡಬೇಕು.

ಮಗುವಿನೊಡನೆ ಏನು ಮಾಡಬೇಕೆಂದು ತಿಳಿಯದ ವಿಷಯಕ್ಕೆ ಬರುತ್ತೇನೆ. ಮೊದಲ ವರ್ಷದವರಿಗೆ ನಾವು ಕೇಸ್ ಬರೆಯುವ ಕೆಲಸವನ್ನೇ ಕೊಡುವುದಿಲ್ಲ. ಅವರು ನೆಲದ ಮೇಲೆ ಚಾಪೆ ಹಾಸಿ, ಚೆಂಡು, ಕಾಗದ, ಬಣ್ಣದ ಪೆನ್ಸಿಲ್, ಒಂದೆರಡು ಅಡುಗೆ ಆಟಿಕೆ ಇಟ್ಟುಕೊಂಡು ಅರ್ಧ ಗಂಟೆ ಮಗುವಿನೊಡನೆ ಕುಳಿತು, ಕಂಡದ್ದನ್ನು ಮಾತ್ರ ಬರೆಯಬೇಕು: ಹೆಸರು ಕರೆದರೆ ತಿರುಗಿತೇ, ಬೇಕಾದುದನ್ನು ಬೆರಳಿನಿಂದ ತೋರಿಸಿತೇ ಅಥವಾ ತಾಯಿಯ ಕೈ ಹಿಡಿದು ಎಳೆದೊಯ್ದಿತೇ, ತಾನು ಕಂಡದ್ದನ್ನು ತೋರಿಸಲೆಂದು ತಾಯಿಯ ಮುಖ ನೋಡಿತೇ, ಸುಳ್ಳು ಸುಳ್ಳೇ ಚಹಾ ಕುಡಿಸಿತೇ. ಹೀಗೆ ಇಪ್ಪತ್ತು ಮೂವತ್ತು ಮಕ್ಕಳನ್ನು ನೋಡಿದವರಿಗೆ, ಮತ್ತು ಅವರಲ್ಲಿ ಅರ್ಧದಷ್ಟು ಮಕ್ಕಳು ತೊಂದರೆಯಿಲ್ಲದವರಾಗಿದ್ದರೆ, ಮಾನಸಿಕ ಕಾಯಿಲೆಗಳನ್ನು ಗುರುತಿಸುವ ಕೈಪಿಡಿಯಾದ ಡಿಎಸ್‌ಎಂ-5ರ ಮಾನದಂಡಗಳು ತಾವಾಗಿಯೇ ಅರ್ಥವಾಗುತ್ತವೆ. ತೊಂದರೆಯಿಲ್ಲದ ಮಕ್ಕಳನ್ನು ನೋಡಲು ಅಂಗನವಾಡಿಗೆ ಹೋಗುವುದಕ್ಕಿಂತ ಒಳ್ಳೆಯ ದಾರಿಯಿಲ್ಲ. ಮೂರು ವರ್ಷದ ಸಾಮಾನ್ಯ ಮಗು ಎಷ್ಟು ಹಟ ಮಾಡುತ್ತದೆಂದು ಅರಿಯದ ವೈದ್ಯರು ಹಟವನ್ನೆಲ್ಲ ಕಾಯಿಲೆಯೆಂದು ಬರೆಯುತ್ತಾರೆ.

ಬೆಳವಣಿಗೆಯ ಇತಿಹಾಸ ಕೇಳುವುದೂ ಒಂದು ವಿದ್ಯೆ. ಎಷ್ಟು ತಿಂಗಳಿಗೆ ನಡೆಯಿತೆಂದು ಕೇಳಿದರೆ ಬಹಳಷ್ಟು ತಾಯಂದಿರು ನೆನಪಿಲ್ಲವೆನ್ನುತ್ತಾರೆ. ಜವಳ ತೆಗೆಸಿದಾಗ ನಡೆಯುತ್ತಿತ್ತೇ, ನಾಗರ ಪಂಚಮಿಗೆ ತವರಿಗೆ ಹೋದಾಗ ಅಜ್ಜಿಯನ್ನು ಹೆಸರಿಟ್ಟು ಕರೆಯುತ್ತಿತ್ತೇ ಎಂದು ಕೇಳಿದರೆ ಅವರೇ ಲೆಕ್ಕ ಹಾಕಿ ಹೇಳುತ್ತಾರೆ. ನಮ್ಮ ಜಿಲ್ಲೆಯಲ್ಲಿ ಮನೆಯಲ್ಲಿ ಮರಾಠಿ, ಓಣಿಯಲ್ಲಿ ಕನ್ನಡ, ಶಾಲೆಯಲ್ಲಿ ಇಂಗ್ಲಿಷ್ ಕೇಳುವ ಮಕ್ಕಳು ಬಹಳ. ಎರಡು ಮೂರು ಭಾಷೆ ಕೇಳುವುದರಿಂದಲೇ ಮಾತು ತಡವಾಗಿದೆಯೆಂದು ಸಮಾಧಾನ ಹೇಳಿ ಕಳುಹಿಸುವುದು ಸಲ್ಲದು. ಬಹುಭಾಷೆಯ ಮನೆ ಆಟಿಸಂ ತರುವುದೂ ಇಲ್ಲ, ಆಟಿಸಂನ ವಿವರಣೆಯೂ ಆಗುವುದಿಲ್ಲ. ಮನೆಯ ಭಾಷೆಯನ್ನು ಬಿಟ್ಟು ಬರೀ ಇಂಗ್ಲಿಷ್ ಮಾತನಾಡಿರೆಂದು ಸಲಹೆ ಕೊಡುವವರೂ ಇದ್ದಾರೆ. ಅದು ಮಗುವಿಗೆ ಅಜ್ಜ ಅಜ್ಜಿಯರ ಮಾತನ್ನೂ ಇಲ್ಲವಾಗಿಸುತ್ತದೆ.

ಹೊರಗೆ ಕಳುಹಿಸುವ ಬಗ್ಗೆ: ಧಾರವಾಡದ ಡಿಮ್ಹಾನ್ಸ್‌ನಲ್ಲೋ ಬೆಂಗಳೂರಿನ ನಿಮ್ಹಾನ್ಸ್‌ನಲ್ಲೋ ಒಂದು ತಿಂಗಳು ಕಳೆಯುವುದು ಒಳ್ಳೆಯದೇ. ಆದರೆ ಎರಡನೆಯ ವರ್ಷದ ಕೊನೆಗೆ ಕಳುಹಿಸಿ, ಮೊದಲು ಬೇಡ. ತನ್ನದೇ ಮಕ್ಕಳನ್ನು ನೋಡಿ, ತನ್ನದೇ ಪ್ರಶ್ನೆಗಳನ್ನು ಹೊತ್ತು ಹೋದವರು ಮಾತ್ರ ಅಲ್ಲಿಂದ ಏನನ್ನಾದರೂ ತರುತ್ತಾರೆ.

ಉತ್ತರ 2
ಕ್ಲಿನಿಕಲ್ ಸೈಕಾಲಜಿಸ್ಟ್, ವಿಜಯಪುರ

ಸರ್ ಹೇಳಿದ್ದಕ್ಕೆ ನನ್ನ ಸಂಪೂರ್ಣ ಒಪ್ಪಿಗೆಯಿದೆ. ಪರೀಕ್ಷೆಗಳ ವಿಷಯದಲ್ಲಿ ಮಾತ್ರ ಕೆಲವು ಮಾತು ಸೇರಿಸುತ್ತೇನೆ, ಏಕೆಂದರೆ ಪಿಜಿಗಳು ನನ್ನ ಕೊಠಡಿಗೆ ಕಳುಹಿಸುವ ಚೀಟಿಯಲ್ಲಿ ಬಹುತೇಕ ಇರುವುದು ‘ಐಕ್ಯೂ ನೋಡಿ’ ಎಂಬ ಎರಡೇ ಪದ. ಯಾವ ಪ್ರಶ್ನೆಗೆ ಉತ್ತರ ಬೇಕೆಂದು ಬರೆಯದೆ ಕೇಳಿದ ಅಂಕಿಯಿಂದ ಮಗುವಿಗೆ ಅಂಗವಿಕಲತೆಯ ಪ್ರಮಾಣಪತ್ರ ಸಿಗಬಹುದು, ಚಿಕಿತ್ಸೆ ಸಿಗುವುದಿಲ್ಲ.

ನಮ್ಮಲ್ಲಿ ಇಂದಿಗೂ ಬಳಕೆಯಲ್ಲಿರುವ ಬಿನೆ-ಕಾಮತ್ ಪರೀಕ್ಷೆಯನ್ನು ಕಾಮತ್ ಅವರು 1930ರ ದಶಕದಲ್ಲಿ ಕನ್ನಡ ಮತ್ತು ಮರಾಠಿ ಮಾತನಾಡುವ ಮಕ್ಕಳಿಗಾಗಿಯೇ ಹೊಂದಿಸಿದರು. ನಮ್ಮ ಭಾಷೆಯ ಮಕ್ಕಳಿಗೆ ಇಂಥ ಒಂದು ಪರೀಕ್ಷೆ ಅಷ್ಟು ಹಿಂದೆಯೇ ಸಿದ್ಧವಾಗಿದ್ದುದು ಹೆಮ್ಮೆಯ ವಿಷಯ. ಆದರೆ ಆ ಕಾಲದ ಮಗುವಿಗೆ ಪರಿಚಿತವಾಗಿದ್ದ ಸಂಗತಿಗಳು ಈಗಿನ ಮಗುವಿಗೆ ಅಪರಿಚಿತ, ಈಗಿನ ಮಗುವಿಗೆ ಗೊತ್ತಿರುವುದು ಅದರಲ್ಲಿಲ್ಲ. ಮಾತಿನ ಮೇಲೆ ಅದು ಬಹಳ ಅವಲಂಬಿಸುವುದರಿಂದ, ತಾಂಡಾದಲ್ಲಿ ಲಂಬಾಣಿ ಮಾತನಾಡಿ ಬೆಳೆದು ಈಗಷ್ಟೇ ಕನ್ನಡ ಶಾಲೆಗೆ ಬಂದ ಮಗುವಿಗೆ ಅದನ್ನು ಹಚ್ಚಿ ಬಂದ ಅಂಕಿಯನ್ನು ಬುದ್ಧಿಮತ್ತೆಯೆಂದು ಬರೆಯುವುದು ಅನ್ಯಾಯವಾಗುತ್ತದೆ. ಇದನ್ನು ಪಿಜಿಗಳು ವರದಿ ಓದಿ ತಿಳಿಯಲಾರರು. ಅವರು ಪರೀಕ್ಷೆ ನಡೆಯುವಾಗ ನನ್ನ ಪಕ್ಕದಲ್ಲಿ ಕುಳಿತು, ಮಗು ಎಲ್ಲಿ ಬಿಟ್ಟುಕೊಟ್ಟಿತು, ಎಲ್ಲಿ ಗಾಬರಿಯಾಯಿತು, ಎಲ್ಲಿ ಪ್ರಶ್ನೆಯೇ ಅರ್ಥವಾಗಲಿಲ್ಲ ಎಂಬುದನ್ನು ನೋಡಬೇಕು.

ವೈನ್‌ಲ್ಯಾಂಡ್ ಸಾಮಾಜಿಕ ಪ್ರೌಢತೆಯ ಮಾಪನವನ್ನು ನಾಗಪುರದ ಮಾಲಿನ್ ಅವರು ಭಾರತೀಯ ಮಕ್ಕಳಿಗೆ ಹೊಂದಿಸಿಕೊಟ್ಟಿದ್ದಾರೆ. ಅದನ್ನು ಪಿಜಿಗಳು ಸ್ವತಃ ಮಾಡಲು ಕಲಿಯಲಿ. ಮಗು ತಾನೇ ರೊಟ್ಟಿ ಮುರಿದು ತಿನ್ನುತ್ತದೆಯೇ, ಗುಂಡಿ ಹಾಕಿಕೊಳ್ಳುತ್ತದೆಯೇ, ಕಿರಾಣಿ ಅಂಗಡಿಗೆ ಹೋಗಿ ಸಾಮಾನು ತಂದು ಚಿಲ್ಲರೆ ಒಪ್ಪಿಸುತ್ತದೆಯೇ ಎಂದು ಕೇಳುತ್ತ ಹೋದಾಗ ಮುಂದೇನು ಕಲಿಸಬೇಕೆಂಬುದೂ ಅದೇ ಮಾತಿನಲ್ಲಿ ಹೊರಬರುತ್ತದೆ. ಆಟಿಸಂ ಪ್ರಮಾಣಪತ್ರಕ್ಕೆ ಬೇಕಾದ ಐಎಸ್‌ಎಎ ಮಾಪನವನ್ನೂ ಹೀಗೆಯೇ ಕೈಯಾರೆ ಮಾಡಿಸಬೇಕು.

ಇನ್ನು ಪಾಲಕರ ತರಬೇತಿ. ಗೋವಾದಲ್ಲಿ ಮತ್ತು ಪಾಕಿಸ್ತಾನದ ರಾವಲ್ಪಿಂಡಿಯಲ್ಲಿ ಆಟಿಸಂ ಇರುವ ಮಕ್ಕಳ ಪಾಲಕರಿಗೆ, ತಜ್ಞರಲ್ಲದ ಆರೋಗ್ಯ ಕಾರ್ಯಕರ್ತರೇ ತರಬೇತಿ ಕೊಟ್ಟು ನಡೆಸಿದ ಅಧ್ಯಯನವೊಂದು 2016ರಲ್ಲಿ ಪ್ರಕಟವಾಯಿತು. ಪಾಲಕರು ಮಗುವಿನೊಡನೆ ಆಡುವ ರೀತಿಯೂ, ಮಗು ತಾನಾಗಿ ಮಾತಿಗೆ ಮುಂದಾಗುವುದೂ ಅದರಿಂದ ಸುಧಾರಿಸಿತು. ಬೆಳಗಾವಿಯಿಂದ ಗೋವಾ ಎಷ್ಟು ದೂರ? ಅಲ್ಲಿ ಆರೋಗ್ಯ ಕಾರ್ಯಕರ್ತರಿಗೆ ಸಾಧ್ಯವಾದದ್ದನ್ನು ನಮ್ಮ ಎಂ.ಡಿ. ವಿದ್ಯಾರ್ಥಿಗಳು ಕಲಿಯಬಲ್ಲರು. ‘ಥೆರಪಿಗೆ ಹುಬ್ಬಳ್ಳಿಗೆ ಹೋಗಿ’ ಎಂದು ಬರೆದುಕೊಡುವುದು ತಾಳಿಕೋಟೆಯ ಕೂಲಿ ಕುಟುಂಬಕ್ಕೆ ಏನನ್ನೂ ಕೊಟ್ಟಂತಾಗುವುದಿಲ್ಲ.

ಉತ್ತರ 3
ಮಕ್ಕಳ ತಜ್ಞ, ಬಾಗಲಕೋಟೆ

ಮನೋವೈದ್ಯರಲ್ಲದವನ ಮಾತನ್ನೂ ದಯವಿಟ್ಟು ಪರಿಗಣಿಸಬೇಕು. ಪಿಜಿಗಳು ಮಕ್ಕಳ ವಿಭಾಗದಲ್ಲಿ ಕನಿಷ್ಠ ಕೆಲವು ವಾರ ನಮ್ಮೊಡನೆ ಇರಲಿ. ಓದಿನಲ್ಲಿ ಚೆನ್ನಾಗಿದ್ದ ಹುಡುಗ ಕೆಲವು ತಿಂಗಳಿಂದ ಹಿಂದೆ ಬೀಳುತ್ತಿದ್ದಾನೆ, ಸಿಡುಕುತ್ತಾನೆ, ಕೈಯಲ್ಲಿದ್ದ ತಟ್ಟೆ ಜಾರುತ್ತದೆ ಎಂದು ಕರೆತಂದಾಗ ಅದನ್ನು ನಡವಳಿಕೆಯ ಸಮಸ್ಯೆಯೆಂದೋ ಖಿನ್ನತೆಯೆಂದೋ ತಿಳಿಯುವುದು ಸುಲಭ. ಆ ಮಗುವಿಗೆ ಚಿಕ್ಕಂದಿನಲ್ಲಿ ದಡಾರ ಬಂದಿತ್ತೇ ಎಂದು ಕೇಳಬೇಕು, ಆಗಾಗ ಮೈ ಬೆಚ್ಚಿಬಿದ್ದಂತೆ ಜಗ್ಗುತ್ತದೆಯೇ ಎಂದು ಕುಳಿತು ನೋಡಬೇಕು, ಇಇಜಿ (ಮಿದುಳಿನ ವಿದ್ಯುತ್ ಅಲೆಗಳ ಪರೀಕ್ಷೆ) ಮಾಡಿಸಬೇಕು. ದಡಾರದ ವೈರಾಣುವಿನಿಂದ ವರ್ಷಗಳ ನಂತರ ಬರುವ ಎಸ್‌ಎಸ್‌ಪಿಇ ಎಂಬ ಮಿದುಳಿನ ಕಾಯಿಲೆ ಹೀಗೆಯೇ ಆರಂಭವಾಗುತ್ತದೆ. ಅಕ್ಷರ ಕೆಟ್ಟಿದೆ, ಮಾತು ತೊದಲುತ್ತಿದೆ, ಜೊಲ್ಲು ಸೋರುತ್ತಿದೆ, ಹಿಂದೊಮ್ಮೆ ಕಾಮಾಲೆಯಾಗಿತ್ತು ಎಂದರೆ ದೇಹದಲ್ಲಿ ತಾಮ್ರ ಶೇಖರವಾಗುವ ವಿಲ್ಸನ್ ಕಾಯಿಲೆಯನ್ನು ನೆನೆಯಬೇಕು. ಕಣ್ಣಿನ ತಜ್ಞರಿಂದ ಕಾರ್ನಿಯಾದ ಅಂಚನ್ನು ಪರೀಕ್ಷಿಸಿ, ರಕ್ತದಲ್ಲಿ ಸೆರುಲೋಪ್ಲಾಸ್ಮಿನ್ ಎಂಬ ಪ್ರೋಟೀನಿನ ಮಟ್ಟ ನೋಡಿಸಬೇಕು. ಸೋದರಮಾವನೊಡನೆ, ಅತ್ತೆಯ ಮಗನೊಡನೆ ಮದುವೆಯಾಗುವ ರೂಢಿ ಇನ್ನೂ ಇರುವ ನಮ್ಮ ಭಾಗದಲ್ಲಿ ಇಂಥ ಅನುವಂಶೀಯ ಕಾಯಿಲೆಗಳನ್ನು ಮರೆಯುವಂತಿಲ್ಲ, ಮೇಲಾಗಿ ವಿಲ್ಸನ್ ಕಾಯಿಲೆಗೆ ಔಷಧಿಯಿದೆ, ಬೇಗ ಹಿಡಿದರೆ ಮಗು ಉಳಿಯುತ್ತದೆ.

ಮಾತು ಬಾರದ ಯಾವುದೇ ಮಗುವಿಗೆ ಶ್ರವಣ ಪರೀಕ್ಷೆ ಮಾಡಿಸದೆ ಆಟಿಸಂ ಎಂದು ಬರೆಯಕೂಡದು. ಕ್ಷಣಹೊತ್ತು ಮಂಕಾಗುವ ಮಗುವನ್ನು ಗಮನದ ಕೊರತೆಯೆಂದು ತೀರ್ಮಾನಿಸುವ ಮುನ್ನ ಮೂರು ನಿಮಿಷ ಜೋರಾಗಿ ಉಸಿರಾಡಿಸಿ ನೋಡಿದರೆ, ಕೆಲವು ಸಲ ಫಿಟ್ಸ್ ಕಣ್ಣೆದುರೇ ಕಾಣಿಸಿಕೊಳ್ಳುತ್ತದೆ.

2013ರಿಂದ ನಡೆಯುತ್ತಿರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಅಂಗನವಾಡಿ ಮತ್ತು ಸರ್ಕಾರಿ ಶಾಲೆಗಳಲ್ಲಿ ತಪಾಸಣೆ ಮಾಡುವ ತಂಡಗಳಿವೆ, ಅವರು ಗುರುತಿಸಿದ ಮಕ್ಕಳು ಜಿಲ್ಲಾ ಮಟ್ಟದ ಡಿಇಐಸಿ ಎಂಬ ಆರಂಭಿಕ ಚಿಕಿತ್ಸಾ ಕೇಂದ್ರಕ್ಕೆ ಬರುತ್ತಾರೆ. ಎಂ.ಡಿ. ವಿದ್ಯಾರ್ಥಿಗಳಿಗೆ ಕಡ್ಡಾಯವಾಗಿರುವ 3 ತಿಂಗಳ ಜಿಲ್ಲಾ ರೆಸಿಡೆನ್ಸಿಯಲ್ಲಿ (ಜಿಲ್ಲಾ ಆಸ್ಪತ್ರೆಯ ಸೇವೆಯಲ್ಲಿ) ವಾರಕ್ಕೊಂದು ದಿನ ಆ ಕೇಂದ್ರದಲ್ಲಿ ಕೂರಿಸಿದರೆ ಎರಡೂ ಕಡೆ ಲಾಭ.

ಉತ್ತರ 4
ಎಂ.ಡಿ. ಮೂರನೆಯ ವರ್ಷ, ವಿಜಯಪುರ

ಗುರುಗಳೆಲ್ಲರಿಗೂ ಗೌರವಪೂರ್ವಕ ನಮಸ್ಕಾರ. ಕಲಿಯುವವರ ಪರವಾಗಿ ಒಂದು ಭಿನ್ನಾಭಿಪ್ರಾಯ ಮಂಡಿಸಲು ಅನುಮತಿ ಕೋರುತ್ತೇನೆ. ಔಷಧಿಯ ಪ್ರಮಾಣ ಮೊದಲು ಕೇಳುತ್ತೇವೆಂಬುದು ನಿಜ. ಅದಕ್ಕೆ ಕಾರಣ, ಮಕ್ಕಳಿಗೆ ಔಷಧಿ ಕೊಡುವುದನ್ನೂ ನಮಗೆ ಸರಿಯಾಗಿ ಕಲಿಸಲಾಗುತ್ತಿಲ್ಲ ಎಂಬುದು. ದೊಡ್ಡವರ ಪ್ರಮಾಣವನ್ನು ಅರ್ಧ ಮಾಡಿ ಬರೆಯುವುದನ್ನೇ ನಾವು ಬಹಳ ಕಡೆ ಕಂಡಿದ್ದೇವೆ. ಆಟಿಸಂ ಇರುವ ಮಗುವಿನ ತೀವ್ರ ಸಿಡುಕಿಗೆ ರಿಸ್ಪೆರಿಡೋನ್ ಆರಂಭಿಸಿದರೆ ತೂಕ, ಸೊಂಟದ ಸುತ್ತಳತೆ, ಸಕ್ಕರೆ, ಕೊಬ್ಬು ಇವನ್ನು ಯಾವಾಗ ನೋಡಬೇಕು, ಎಂದು ನಿಲ್ಲಿಸಬೇಕು ಎಂಬುದನ್ನು ಒಬ್ಬ ಮಗುವಿನ ಮೇಲೆ ವರ್ಷವಿಡೀ ನೋಡಿಯೇ ಕಲಿಯಬೇಕು. ಗಮನದ ಕೊರತೆ ಮತ್ತು ಚಂಚಲತೆಯ ತೊಂದರೆಗೆ (ಎಡಿಎಚ್‌ಡಿ) ಕೊಡುವ ಮೀಥೈಲ್‌ಫೆನಿಡೇಟ್ ಮಾದಕ ಹಾಗೂ ಮನೋಪರಿಣಾಮಿ ವಸ್ತುಗಳ ಕಾಯಿದೆಯಡಿ ಬರುವುದರಿಂದ ತಾಲ್ಲೂಕು ಊರುಗಳ ಮೆಡಿಕಲ್ ಅಂಗಡಿಗಳಲ್ಲಿ ಸುಲಭವಾಗಿ ಸಿಗುವುದಿಲ್ಲ, ಆಗ ಅದರ ಬದಲು ಅಟೊಮೋಕ್ಸೆಟಿನ್ ಹೇಗೆ ಬಳಸಬೇಕೆಂಬುದು ನಮಗೆ ಪ್ರತಿದಿನದ ಪ್ರಶ್ನೆ. ಹದಿಹರೆಯದ ಹುಡುಗಿಯರಿಗೆ, ಫಿಟ್ಸ್ ಮತ್ತು ಮನಸ್ಥಿತಿಯ ಏರಿಳಿತಕ್ಕೆ ಕೊಡುವ ವ್ಯಾಲ್‌ಪ್ರೊಯೇಟ್ ಏಕೆ ಬರೆಯಬಾರದೆಂಬುದನ್ನು ಮೊದಲ ವರ್ಷದಲ್ಲಿಯೇ ಗಟ್ಟಿಯಾಗಿ ಹೇಳಿಕೊಡಬೇಕು.

ಜರ್ನಲ್ ಕ್ಲಬ್ಬಿನಲ್ಲಿ ಹೊಸ ಲೇಖನಗಳ ಹಿಂದೆ ಬೀಳುವ ಬದಲು ಹಳೆಯ ಎರಡು ದೊಡ್ಡ ಪ್ರಯೋಗಗಳನ್ನು ಪೂರ್ತಿಯಾಗಿ ಓದಿಸಿದ್ದು ನನಗೆ ಹೆಚ್ಚು ಉಪಕಾರವಾಯಿತು. ಎಡಿಎಚ್‌ಡಿ ಇರುವ 579 ಮಕ್ಕಳನ್ನು 14 ತಿಂಗಳು ನೋಡಿ 1999ರಲ್ಲಿ ಪ್ರಕಟವಾದ ಎಂಟಿಎ ಒಂದು. ಹದಿಹರೆಯದ ಖಿನ್ನತೆಯಲ್ಲಿ ಫ್ಲುಆಕ್ಸೆಟಿನ್ ಔಷಧಿ, ಸಿಬಿಟಿ ಎಂಬ ಮಾತಿನ ಚಿಕಿತ್ಸೆ, ಎರಡೂ ಸೇರಿದ ಚಿಕಿತ್ಸೆ ಇವನ್ನು ಹೋಲಿಸಿದ 2004ರ ಟ್ಯಾಡ್ಸ್ ಇನ್ನೊಂದು. ಅದೇ 2004ರಲ್ಲಿ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ ಖಿನ್ನತೆಯ ಔಷಧಿಗಳಿಂದ ಎಳೆಯರಲ್ಲಿ ಆತ್ಮಹತ್ಯೆಯ ಯೋಚನೆ ಹೆಚ್ಚಬಹುದೆಂಬ ಎಚ್ಚರಿಕೆಯನ್ನು ಕಡ್ಡಾಯಗೊಳಿಸಿತು. ಟ್ಯಾಡ್ಸ್ ಮತ್ತು ಈ ಎಚ್ಚರಿಕೆ ಎರಡನ್ನೂ ಒಟ್ಟಿಗೆ ಓದಿದಾಗ, ಔಷಧಿ ಬರೆದ ಮೊದಲ ವಾರಗಳಲ್ಲಿ ಮಗುವನ್ನು ಬೇಗ ಬೇಗ ಮತ್ತೆ ಕರೆಸಿ ನೋಡಬೇಕೆಂಬುದು ಮನಸ್ಸಿನಲ್ಲಿ ನಿಂತಿತು.

ಒಂದು ವಿನಂತಿ: ಸಾವಿಗೆ ಪ್ರಯತ್ನಿಸಿದ ಮಕ್ಕಳನ್ನು ತುರ್ತು ವಿಭಾಗದಲ್ಲಿ ರಾತ್ರಿ ನೋಡುವವರು ನಾವೇ. ಬೆಳೆಗೆ ಹೊಡೆಯುವ ಎಣ್ಣೆ ಮನೆಯಲ್ಲಿ ಎಲ್ಲಿದೆ, ಅದನ್ನು ಯಾರು ಬೀಗ ಹಾಕಿಡುತ್ತಾರೆ ಎಂದು ಪಾಲಕರೊಡನೆ ಕುಳಿತು ತೀರ್ಮಾನಿಸುವುದು, ಮಗುವಿಗೆ ಮತ್ತು ಮನೆಯವರಿಗೆ ಟೆಲಿ-ಮಾನಸ್‌ನ 14416 ಸಹಾಯವಾಣಿ ಸಂಖ್ಯೆ ಬರೆದುಕೊಡುವುದು, ಮರುಭೇಟಿಯ ದಿನ ಗೊತ್ತುಮಾಡುವುದು ಇವನ್ನು ಹಿರಿಯರು ನಮ್ಮೆದುರು ಒಮ್ಮೆ ಮಾಡಿ ತೋರಿಸಲಿ. ಅಂಥ ರಾತ್ರಿಯ ಮರುದಿನ ನಮ್ಮೊಡನೆ ಕುಳಿತು ಆ ಮಗುವಿನ ಬಗ್ಗೆ ಮಾತನಾಡಲಿ. ಆ ಮಾತುಕತೆಯಿಲ್ಲದೆ ನಾವು ಬಹಳವನ್ನು ಒಳಗೇ ಇಟ್ಟುಕೊಂಡು ಮುಂದಿನ ಡ್ಯೂಟಿಗೆ ಹೋಗುತ್ತೇವೆ.

ಉತ್ತರ 5
ಜಿಲ್ಲಾ ಆಸ್ಪತ್ರೆಯೊಂದರ ಮನೋವೈದ್ಯೆ

ಕಾನೂನಿನ ಭಾಗವನ್ನು ಯಾರೂ ಪ್ರಸ್ತಾಪಿಸಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯ 87ನೆಯ ಕಲಮನ್ನು ಪಿಜಿಗಳು ಪರೀಕ್ಷೆಗಾಗಿ ಬಾಯಿಪಾಠ ಮಾಡುತ್ತಾರೆ. ಒಬ್ಬ ಹುಡುಗನನ್ನು ನಿಜವಾಗಿ ದಾಖಲಿಸುವಾಗ ಅದರ ಪ್ರತಿಯೊಂದು ಮಾತೂ ಕೆಲಸದ ಮಾತಾಗುತ್ತದೆ. 18 ವರ್ಷದೊಳಗಿನವರನ್ನು ದಾಖಲಿಸಲು ಇಬ್ಬರು ಸ್ವತಂತ್ರವಾಗಿ ಪರೀಕ್ಷಿಸಿರಬೇಕು, ಅವರಲ್ಲಿ ಒಬ್ಬರಾದರೂ ಮನೋವೈದ್ಯರಾಗಿರಬೇಕು. ವಯಸ್ಕರಿಂದ ಬೇರೆಯಾದ ಜಾಗ ಕೊಡಬೇಕು. ಪಾಲಕರು ಅಥವಾ ಅವರು ಗೊತ್ತುಮಾಡಿದವರು ಇಡೀ ಅವಧಿ ಜೊತೆಗಿರಬೇಕು, ಹುಡುಗಿಯ ನಾಮನಿರ್ದೇಶಿತ ಪ್ರತಿನಿಧಿ ಗಂಡಸಾಗಿದ್ದರೆ ಜೊತೆಗಿರಲು ಹೆಂಗಸೊಬ್ಬರನ್ನು ನೇಮಿಸಬೇಕು. 72 ಗಂಟೆಗಳೊಳಗೆ ಮಾನಸಿಕ ಆರೋಗ್ಯ ಪರಿಶೀಲನಾ ಮಂಡಳಿಗೆ ತಿಳಿಸಬೇಕು, 30 ದಿನ ಮುಂದುವರಿದರೆ ಮತ್ತೆ ತಿಳಿಸಬೇಕು. ಇಸಿಟಿ (ಮಿದುಳಿಗೆ ವಿದ್ಯುತ್ ಹಾಯಿಸುವ ಚಿಕಿತ್ಸೆ) ಅಪ್ರಾಪ್ತರಿಗೆ ನಿಷಿದ್ಧ, ಅನಿವಾರ್ಯವೆನಿಸಿದರೆ ಪಾಲಕರ ಒಪ್ಪಿಗೆಯ ಜೊತೆಗೆ ಮಂಡಳಿಯ ಮುಂಗಡ ಅನುಮತಿ ಬೇಕು. ಈ ಪತ್ರಗಳನ್ನು ಪಿಜಿ ಸ್ವತಃ ಒಮ್ಮೆ ಬರೆದಿರಲಿ.

ಇದಕ್ಕಿಂತ ಕಷ್ಟದ್ದು ಪೋಕ್ಸೊ. 2012ರ ಕಾಯಿದೆಯ 19ನೆಯ ಕಲಮಿನ ಪ್ರಕಾರ ಮಗುವಿನ ಮೇಲಿನ ಲೈಂಗಿಕ ಅಪರಾಧ ತಿಳಿದುಬಂದರೆ ವರದಿ ಮಾಡಲೇಬೇಕು, ಮಾಡದಿರುವುದು ಶಿಕ್ಷಾರ್ಹ. ಹಾಗಾದರೆ ಹದಿಹರೆಯದ ಹುಡುಗಿಯೊಡನೆ ಒಂಟಿಯಾಗಿ ಮಾತು ಆರಂಭಿಸುವಾಗ ‘ನೀನು ಹೇಳಿದ್ದನ್ನು ಯಾರಿಗೂ ಹೇಳುವುದಿಲ್ಲ’ ಎಂದು ಮಾತು ಕೊಡಬಹುದೇ? ಕೊಡಬಾರದು. ‘ನೀನು ಹೇಳುವುದರಲ್ಲಿ ಬಹಳಷ್ಟು ನನ್ನಲ್ಲಿಯೇ ಇರುತ್ತದೆ. ನಿನ್ನ ಜೀವಕ್ಕೆ ಅಪಾಯವಿದ್ದರೆ ಅಥವಾ ಯಾರಾದರೂ ನಿನಗೆ ಕೇಡು ಮಾಡುತ್ತಿದ್ದರೆ ಮಾತ್ರ ನಿನ್ನ ರಕ್ಷಣೆಗಾಗಿ ಬೇರೆಯವರಿಗೆ ಹೇಳಬೇಕಾಗುತ್ತದೆ, ಹೇಳುವ ಮುನ್ನ ನಿನಗೇ ತಿಳಿಸುತ್ತೇನೆ’ ಎಂದು ಆರಂಭದಲ್ಲಿಯೇ ಹೇಳಬೇಕು. ಈ ವಾಕ್ಯಗಳನ್ನು ನಾನು ಪಿಜಿಗಳಿಂದ ಗಟ್ಟಿಯಾಗಿ ಹೇಳಿಸುತ್ತೇನೆ, ಒಬ್ಬರು ವೈದ್ಯರಾಗಿ ಇನ್ನೊಬ್ಬರು ಹುಡುಗಿಯಾಗಿ ಕುಳಿತು. ಶಾಲೆಯಲ್ಲಿ ಎಚ್ಚರ ತಪ್ಪಿ ಬೀಳುವ, ಮೈಮೇಲೆ ದೇವರು ಬರುವ ಹುಡುಗಿಯರ ಹಿಂದೆ ಗೊತ್ತುಮಾಡಿದ ಮದುವೆಯೋ, ನಿಲ್ಲಿಸಲಿರುವ ಓದೋ, ಹೇಳಲಾಗದ ಹಿಂಸೆಯೋ ಇರುವುದುಂಟು. ಆಕೆ ನಟಿಸುತ್ತಿದ್ದಾಳೆಂಬ ಧೋರಣೆ ಪಿಜಿಯ ಮುಖದಲ್ಲಿ ಒಮ್ಮೆ ಕಂಡರೆ ಆಕೆ ಮತ್ತೆ ಬಾಯಿ ಬಿಡುವುದಿಲ್ಲ. ದೇವಸ್ಥಾನಕ್ಕೆ, ದರ್ಗಾಕ್ಕೆ ಹೋಗಿಬಂದ ಪಾಲಕರನ್ನು ಗದರುವುದೂ ಬೇಡ. ಅವರು ಮಗುವಿಗಾಗಿ ಓಡಾಡಿದ್ದಾರೆಂಬುದಕ್ಕೆ ಅದೇ ಸಾಕ್ಷಿ.

ಉತ್ತರ 6
ಆಟಿಸಂ ಇರುವ ಮಗನ ತಾಯಿ, ಬೆಳಗಾವಿ

ವೈದ್ಯರ ಚರ್ಚೆಯ ನಡುವೆ ಬರೆಯುವುದಕ್ಕೆ ಕ್ಷಮೆಯಿರಲಿ. ಮಗನಿಗೆ ಈಗ ಒಂಬತ್ತು ವರ್ಷ. ಮೊದಲ ಬಾರಿಗೆ ಆಟಿಸಂ ಎಂದು ಹೆಸರು ಹೇಳಿದ ವೈದ್ಯರು ಕಾಗದದಲ್ಲಿ ಬರೆದು ಕೈಗಿತ್ತರು, ಹೊರಗೆ ಬಂದಾಗ ಅದು ವಾಸಿಯಾಗುತ್ತದೋ ಇಲ್ಲವೋ ಎಂಬುದೂ ನನಗೆ ತಿಳಿದಿರಲಿಲ್ಲ. ಬಳಿಕ ಬೇರೊಂದು ಆಸ್ಪತ್ರೆಯಲ್ಲಿ ಕಲಿಯುತ್ತಿದ್ದ ಒಬ್ಬ ಕಿರಿಯ ವೈದ್ಯೆ ನನ್ನನ್ನು ಕೂರಿಸಿಕೊಂಡು, ಇದು ನಿಮ್ಮ ಲಾಲನೆಯ ತಪ್ಪಿನಿಂದ ಬಂದದ್ದಲ್ಲ, ಮೊಬೈಲ್ ಕೊಟ್ಟದ್ದರಿಂದ ಬಂದದ್ದೂ ಅಲ್ಲ ಎಂದು ಹೇಳಿದರು. ಅದೇ ಮಾತನ್ನು ಅವರು ನನ್ನ ಅತ್ತೆಯವರಿಗೂ ಮರಾಠಿಯಲ್ಲಿ ಹೇಳಿದರು. ಪಿಜಿಗಳಿಗೆ ಕಲಿಸುವಾಗ ಇದನ್ನು ಹೇಗೆ ಹೇಳಬೇಕೆಂಬುದನ್ನೂ ಕಲಿಸಿರಿ. ಸಾಧ್ಯವಾದರೆ ನಮ್ಮಂಥ ಪಾಲಕರನ್ನು ತರಗತಿಗೆ ಕರೆಯಿರಿ, ನಾವು ಬರುತ್ತೇವೆ.

ಪ್ರಶ್ನೆ ಕೇಳಿದವರ ಪ್ರತಿಕ್ರಿಯೆ
ಸಹಾಯಕ ಪ್ರಾಧ್ಯಾಪಕಿ, ಬಾಗಲಕೋಟೆ

ಎಲ್ಲರಿಗೂ ಹೃತ್ಪೂರ್ವಕ ಕೃತಜ್ಞತೆಗಳು. ಅಮ್ಮಾ, ನಿಮ್ಮ ಆಹ್ವಾನವನ್ನು ನಾವು ಖಂಡಿತವಾಗಿ ಸ್ವೀಕರಿಸುತ್ತೇವೆ. ಬುಧವಾರ ಮಧ್ಯಾಹ್ನದ ಕ್ಲಿನಿಕ್, ಮಕ್ಕಳ ವಿಭಾಗದಲ್ಲಿ ಕೆಲವು ವಾರ, ಎರಡನೆಯ ವರ್ಷದ ಕೊನೆಗೆ ಹೊರಗಿನ ಒಂದು ತಿಂಗಳು ಎಂದು ಕರಡು ಬರೆದಿದ್ದೇನೆ. ಪ್ರತಿ ಪಿಜಿಗೂ ಎಂಟು ಹತ್ತು ಮಕ್ಕಳನ್ನು ಮೂರು ವರ್ಷಕ್ಕೆ ಒಪ್ಪಿಸುವ ಯೋಚನೆಯಿದೆ. ಉಳಿದಿರುವುದು ಎರಡು ತೊಡಕು. ಕಬ್ಬಿನ ಹಂಗಾಮಿನಲ್ಲಿ ಕುಟುಂಬಗಳು ಗುಳೆ ಹೋಗುತ್ತವೆ, ಮಗು ತಿಂಗಳುಗಟ್ಟಲೆ ಕಾಣಿಸುವುದಿಲ್ಲ. ಎರಡನೆಯದಾಗಿ, ಕೇಸ್‌ಗಳ ಸಂಖ್ಯೆ ಎಣಿಸುವ ಲಾಗ್‌ಬುಕ್ಕಿನಿಂದ ಮಗುವಿನೊಡನೆ ಮಾತನಾಡುವ ಕೌಶಲವನ್ನು ಅಳೆಯುವುದು ಹೇಗೆ?

ಉತ್ತರ 7
ಪ್ರಾಧ್ಯಾಪಕ, ಬೆಳಗಾವಿ

ಗುಳೆ ಹೋಗುವವರು ಹೇಳದೆ ಹೋಗುವುದಿಲ್ಲ, ನಾವು ಕೇಳುವುದಿಲ್ಲ ಅಷ್ಟೇ. ದಸರೆಯ ಮುಂಚಿನ ಭೇಟಿಯಲ್ಲಿ ಎಲ್ಲಿಗೆ, ಯಾವ ಕಾರ್ಖಾನೆಯ ಕಡೆಗೆ, ಮಗು ಜೊತೆಗೆ ಬರುತ್ತದೆಯೋ ಅಜ್ಜಿಯ ಬಳಿ ಉಳಿಯುತ್ತದೆಯೋ ಎಂದು ಪಿಜಿ ಕೇಳಿ ಬರೆದುಕೊಳ್ಳಲಿ. ಮಗು ಉಳಿಯುವುದಾದರೆ ಅಜ್ಜಿಯನ್ನು ಆ ದಿನವೇ ಕರೆಸಿ ತರಬೇತಿ ಕೊಡಬೇಕು, ಏಕೆಂದರೆ ಆ ಆರು ತಿಂಗಳು ಅವರೇ ಪಾಲಕರು. ಜೊತೆಗೆ ಹೋಗುವುದಾದರೆ ತಿಂಗಳಿಗೊಮ್ಮೆ ಫೋನ್ ಮಾಡುವುದು ಆ ಪಿಜಿಯದೇ ಕೆಲಸ. ಔಷಧಿ ಇರುವ ಮಕ್ಕಳಿಗೆ, ಹೋದ ಊರಿನ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ತೋರಿಸುವಂಥ ಪತ್ರವನ್ನು ಕನ್ನಡದ ಜೊತೆಗೆ ಇಂಗ್ಲಿಷಿನಲ್ಲಿಯೂ ಬರೆದುಕೊಡಿ.

ಅಳೆಯುವ ಬಗ್ಗೆ: ತಿಂಗಳಿಗೊಮ್ಮೆ ಹದಿನೈದು ನಿಮಿಷ ನೀವೇ ಮೂಲೆಯಲ್ಲಿ ಕುಳಿತು ಪಿಜಿ ಮಗುವಿನೊಡನೆ ಇರುವುದನ್ನು ನೋಡಿ, ಮುಗಿದ ಕೂಡಲೇ ಒಂದು ಒಳ್ಳೆಯದನ್ನೂ ಒಂದು ತಿದ್ದಬೇಕಾದುದನ್ನೂ ಹೇಳಿ, ಅದನ್ನೇ ಲಾಗ್‌ಬುಕ್ಕಿನಲ್ಲಿ ಬರೆಯಿರಿ. ಮುಂದಿನ ತಿಂಗಳು ಆ ತಿದ್ದುಪಡಿಯಿಂದಲೇ ಆರಂಭಿಸಿ. ಎಂಟು ಹತ್ತು ಮಕ್ಕಳು ಹೆಚ್ಚಾದಾರು, ಐದರಿಂದ ಶುರುಮಾಡಿ: ಒಂದು ಆಟಿಸಂ, ಒಂದು ಬೌದ್ಧಿಕ ನ್ಯೂನತೆ, ಒಂದು ಎಡಿಎಚ್‌ಡಿ, ಒಂದು ಕಲಿಕೆಯ ತೊಂದರೆ, ಹದಿಹರೆಯದ ಒಬ್ಬರು. ಕಲಿಕೆಯ ತೊಂದರೆಯ ಮಗುವಿನ ಶಾಲೆಗೆ ಪಿಜಿ ಒಮ್ಮೆಯಾದರೂ ಹೋಗಿ ಮುಖ್ಯೋಪಾಧ್ಯಾಯರನ್ನು ಕಾಣಲಿ. ಎಸ್ಸೆಸ್ಸೆಲ್ಸಿಯಲ್ಲಿ ಹೆಚ್ಚುವರಿ ಸಮಯ, ಬರೆದುಕೊಡುವವರ ನೆರವು ಇವಕ್ಕೆ ಬೇಕಾದ ಪತ್ರ ಒಂಬತ್ತನೆಯ ತರಗತಿಯಲ್ಲಿಯೇ ಸಿದ್ಧವಾಗಬೇಕು. ಹತ್ತನೆಯ ತರಗತಿಯ ಜನವರಿಯಲ್ಲಿ ಓಡಿ ಬರುವ ಪಾಲಕರಿಗೆ ಆಗ ಯಾರೂ ಏನೂ ಮಾಡಿಕೊಡಲಾಗುವುದಿಲ್ಲ. ನಿಮ್ಮ ಕರಡನ್ನು ಇಲ್ಲಿ ಹಾಕಿ, ಮಕ್ಕಳ ತಜ್ಞರು ಮತ್ತು ಸೈಕಾಲಜಿಸ್ಟ್ ಮೇಡಂ ತಮ್ಮ ತಮ್ಮ ವಾರಗಳನ್ನು ಅದರಲ್ಲಿಯೇ ತುಂಬಲಿ.